ಅಕ್ಕನ ಬಲಗೈ

ಫೆಬ್ರವರಿ ೧೧

ಪ್ರೀತಿಯ ಗುಂಡಿ,

ಬೇರೆ ಯಾರ ಬಾಯಿಂದಲೋ ಕೇಳಿ ಆಮೇಲೆ ನೀನು ನನ್ನ ಮೇಲೆ ಹರಿಹಾಯೋದು ಬೇಡ ಅಂತ ನಾನೇ ಬರೀತಿದ್ದೀನಿ. ಗಾಬರಿಯಾಗುವಂಥದ್ದೇನಿಲ್ಲ. ನನ್ನ ಬಲಭುಜ ಕೈಕೊಟ್ಟಿದೆ. ಭುಜ ಕೈಕೊಟ್ಟಿತು ಅಂದರೆ ನಗು ಬರುತ್ತೆ, ಆದರೆ ಬೇರೆ ಹೇಗೆ ಹೇಳೋದೋ ಗೊತ್ತಾಗ್ತಿಲ್ಲ.

ನೋವು ಶುರುವಾಗಿ ಬಹಳ ದಿನವಾಯಿತು. ವಯಸ್ಸು ಅಂದುಕೊಂಡು ಎಣ್ಣೆ ತಿಕ್ಕಿದೆ, ಬಿಸಿನೀರಿನ ಚೀಲ ಇಟ್ಟೆ. ಕತ್ತರಿ ಹಿಡಿದಾಗ ಮಾತ್ರ ಚುಚ್ಚುತ್ತಿದ್ದದ್ದು ಆಮೇಲೆ ತಲೆ ಬಾಚುವಾಗ, ಬಾಗಿಲ ಮೇಲಿನ ಚಿಲಕ ಹಾಕುವಾಗ ಕೂಡ ಬಂತು. ಹೋದ ವಾರ ಅಂಚೆ ಕಚೇರಿಯ ದಪ್ಪ ಗುಮಾಸ್ತರು ಕೋಟು ತಗೊಂಡು ಹೋಗೋಕೆ ಬಂದಿದ್ದರು. ಮೇಲಿನ ಕಂಬಿಯಿಂದ ತೆಗೆಯೋಕೆ ಕೈ ಎತ್ತಿದೆ, ಅರ್ಧದಲ್ಲೇ ಯಾರೋ ಹಿಡಿದು ಜಗ್ಗಿದ ಹಾಗಾಯಿತು. ಕೋಟು ಜಾರಿ ಅವರ ತಲೆ ಮೇಲೆ ಬಿತ್ತು. ಪಾಪ, ಒಳ್ಳೆ ಮನುಷ್ಯ, ಒಳಗಿಂದಲೇ "ಅಳತೆ ಸರಿಯಾಗಿದೆ ಕಣಮ್ಮಾ" ಅಂದರು. ನನಗೆ ನಗೋಕೂ ಆಗಲಿಲ್ಲ, ಅಷ್ಟು ನೋವು.

ಮೇಲಿನ ಮನೆ ಟೀಚರಮ್ಮ ಬಲವಂತ ಮಾಡಿ ದೊಡ್ಡಾಸ್ಪತ್ರೆಗೆ ಕರಕೊಂಡು ಹೋದರು. ಒಂದು ಕೊಳವೆಯೊಳಗೆ ಮಲಗಿಸಿ ಚಿತ್ರ ತೆಗೆದರು. ಭುಜದ ಸ್ನಾಯು ಮೂಳೆಗೆ ಕೂಡೋ ಜಾಗದಲ್ಲಿ ಹರಿದಿದೆಯಂತೆ. "ಇದು ಮಾತ್ರೆಗೆ ಬಗ್ಗಲ್ಲ, ಹೊಲೀಬೇಕು" ಅಂದರು ಡಾಕ್ಟರು. ನಾನು ಬಾಯಿತಪ್ಪಿ "ಯಾವ ದಾರ ಹಾಕ್ತೀರಿ?" ಅಂತ ಕೇಳಿಬಿಟ್ಟೆ. "ನೀವು ಟೈಲರಾ?" ಅಂತ ನಕ್ಕರು. ಊರವರ ಬಟ್ಟೆಯನ್ನೆಲ್ಲ ನಾನು ಹೊಲಿದೆ, ಈಗ ನನ್ನನ್ನೇ ಹೊಲಿಯೋಕೆ ಒಬ್ಬರು ಬೇಕಾದರು ನೋಡು.

ಆಪರೇಷನ್ನಿಗೆ ಬಹಳ ಜನ ಕಾಯ್ತಿದ್ದಾರಂತೆ. ನಮ್ಮ ಸರದಿ ಬಂದಾಗ ತಿಳಿಸ್ತಾರೆ. ನೀನು ಬರೋದೇನೂ ಬೇಕಾಗಿಲ್ಲ. ನಿನ್ನ ಅತ್ತೆಯವರನ್ನು ನೋಡಿಕೋ.

ಫೋನ್ ಮಾಡಬೇಡ. ಫೋನಲ್ಲಿ ನಿನ್ನ ದನಿ ಕೇಳಿದರೆ ನನಗೆ ಮಾತೇ ಹೊರಡಲ್ಲ, "ಹೂಂ, ಊಟ ಆಯಿತಾ, ಇಡ್ಲಾ" ಅಂತ ಮುಗಿಸಿಬಿಡ್ತೀನಿ. ಕಾಗದವೇ ವಾಸಿ. ಕೈ ಕೆಳಗಿಟ್ಟು ಬರೆದರೆ ನೋವಾಗಲ್ಲ.

ಇಂತಿ,
ನಿನ್ನ ಅಕ್ಕ


ಫೆಬ್ರವರಿ ೨೬

ಅಕ್ಕಾ,

ನಿನ್ನ ಕಾಗದ ಓದಿ ಕೂತಲ್ಲೇ ಕೂತಿದ್ದೆ, ಒಲೆ ಮೇಲಿನ ಹಾಲು ಉಕ್ಕಿ ಹೋಯಿತು. ಬಹಳ ದಿನದಿಂದ ನೋವು ಅಂತ ಎಷ್ಟು ಸಲೀಸಾಗಿ ಬರೀತೀಯ. ಹೋದ ಕಾಗದದಲ್ಲಿ, ಅದರ ಹಿಂದಿನದರಲ್ಲಿ ಏನು ಬರೆದಿದ್ದೆ? ಬೀದಿಯಲ್ಲಿ ಹೊಸ ದೀಪ ಹಾಕಿದ್ದಾರೆ, ಶಾಲೆಯವರು ಸಮವಸ್ತ್ರದ ಬಣ್ಣ ಬದಲಾಯಿಸಿದ್ದಾರೆ, ಟೀಚರಮ್ಮನ ಬೆಕ್ಕು ಮರಿ ಹಾಕಿದೆ. ಬೆಕ್ಕಿನ ಬಾಣಂತನ ಬರೆಯೋಕೆ ಜಾಗ ಇತ್ತು, ಭುಜಕ್ಕೆ ಜಾಗ ಇರಲಿಲ್ಲ.

ಈಗ ಕತ್ತರಿಸೋದು ಯಾರು? ಅಂಗಿಯ ಗುಂಡಿಗೆ ಕಾಜಾ ಮಾಡೋದು ಯಾರು? ನನಗೆ ಗೊತ್ತು, ಒಂದು ಕೈಯಲ್ಲಿ ಭುಜ ಒತ್ತಿಕೊಂಡು ಇನ್ನೊಂದು ಕೈಯಲ್ಲಿ ನೀನೇ ಮಾಡ್ತಿರ್ತೀಯ.

ಇಲ್ಲಿ ಅತ್ತೆ ಹಾಗೇ ಇದ್ದಾರೆ. ಮಗನನ್ನು ನೋಡಿ "ಈ ಗಂಡಸು ಯಾರು, ಮನೆಯೊಳಗೆ ಯಾಕೆ ಬಿಟ್ಟೆ?" ಅಂತಾರೆ. ನನ್ನ ಗುರುತೂ ಇಲ್ಲ, ಆದರೆ ನನ್ನ ಕೈಯಿಂದಲ್ಲದೆ ತುತ್ತು ನುಂಗಲ್ಲ. ಹೋದ ತಿಂಗಳು ನನಗೆ ಜ್ವರ ಬಂದಾಗ ಪಕ್ಕದ ಮನೆಯಾಕೆ ಉಣಿಸೋಕೆ ಹೋದರೆ ತಟ್ಟೆಯನ್ನೇ ತಳ್ಳಿದರು. ಇವರು ಬೆಳಗ್ಗೆ ಬಸ್ಸು ಓಡಿಸೋಕೆ ಹೋದರೆ ಬರೋದು ಸಂಜೆಗೆ. ಒಳ್ಳೆಯವರು ಅಕ್ಕಾ, ಅದನ್ನು ನಾನು ಮತ್ತೆ ಮತ್ತೆ ಹೇಳ್ತೀನಿ, ನೀನು ಮತ್ತೆ ಮತ್ತೆ ಅದಕ್ಕೆ ಉತ್ತರ ಬರೆಯಲ್ಲ.

ಈ ಮನೆ ಬಹಳ ಸದ್ದಿಲ್ಲದ್ದು. ಮದುವೆಯಾಗಿ ಬಂದು ಎರಡು ವರ್ಷವಾದರೂ ಬೆಳಗ್ಗೆ ಎಚ್ಚರವಾದಾಗ ನಿನ್ನ ಮಿಷನ್ನಿನ ಸದ್ದಿಗೆ ಕಿವಿ ಕೊಡ್ತೀನಿ. ಆಮೇಲೆ ನೆನಪಾಗುತ್ತೆ. ಅತ್ತೆಯ ಹೊದಿಕೆಗಳ ಅಂಚನ್ನೆಲ್ಲ ಎರಡೆರಡು ಸಲ ಮಡಿಚಿ ಹೊಲಿದಾಯಿತು, ಇನ್ನು ಹೊಲಿಯೋಕೆ ಮನೆಯಲ್ಲಿ ಏನೂ ಉಳಿದಿಲ್ಲ.

ದಿನ ಗೊತ್ತಾದ ಕೂಡಲೇ ಬರಿ. ಒಂದು ಮಾತು ಹೇಳು ಸಾಕು, ಏನಾದರೂ ಏರ್ಪಾಡು ಮಾಡಿ ಬರ್ತೀನಿ.

ನಿನ್ನ
ಗುಂಡಿ


ಏಪ್ರಿಲ್ ೩

ಪ್ರೀತಿಯ ಗುಂಡಿ,

ಆಪರೇಷನ್ ಆಗಿಬಂದೆ ಅಂತ ಬರೆಯಬೇಕಿತ್ತು, ಆಗದೆ ಬಂದೆ ಅಂತ ಬರೀತಿದ್ದೀನಿ.

ಸೋಮವಾರ ಕರೆದಿದ್ದರು. ಅಂಗಡಿ ಬಾಗಿಲಿಗೆ ಚೀಟಿ ಅಂಟಿಸಿ, ಹೊಟ್ಟೆಗೇನೂ ಹಾಕದೆ, ಚೀಲ ಹಿಡಕೊಂಡು ಟೀಚರಮ್ಮನ ಜೊತೆ ಹೋದೆ. ಹಸಿರು ಅಂಗಿ ತೊಡಿಸಿದರು. ಅದನ್ನು ಹೊಲಿದವರು ಯಾರೋ, ಸಿಕ್ಕರೆ ಎರಡು ಮಾತು ಆಡಬೇಕು. ಬೆನ್ನೆಲ್ಲ ತೆರೆದೇ ಇದೆ. ಕಟ್ಟೋ ದಾರಗಳೋ, ಒಂದು ಉತ್ತರಕ್ಕೆ, ಒಂದು ದಕ್ಷಿಣಕ್ಕೆ. ನರ್ಸಮ್ಮನಿಗೆ "ಒಂದು ಸೂಜಿ ದಾರ ಕೊಡಿ, ಕಾಯೋ ಹೊತ್ತಿಗೆ ಸರಿಮಾಡಿ ಕೊಡ್ತೀನಿ" ಅಂದೆ. ಆಯಮ್ಮ ನಿಜ ಅಂತಲೇ ನಂಬಿ ಹುಡುಕೋಕೆ ಹೋದಳು. ಭುಜದ ಮೇಲೆ ನೀಲಿ ಶಾಯಿಯಲ್ಲಿ ಗುರುತು ಹಾಕಿದರು, ನಾವು ಸೀಮೆಸುಣ್ಣದಲ್ಲಿ ಹಾಕ್ತೀವಲ್ಲ ಹಾಗೆ. ಎಲ್ಲ ತಯಾರಾಗಿ ಗಾಲಿಮಂಚದ ಮೇಲೆ ಮಲಗಿದ್ದೀನಿ, ಯಾವುದೋ ದೊಡ್ಡ ಅಪಘಾತದವರನ್ನು ತಂದರು. ನನ್ನನ್ನು ಗೋಡೆ ಪಕ್ಕಕ್ಕೆ ತಳ್ಳಿದರು. ಮಧ್ಯಾಹ್ನದ ಹೊತ್ತಿಗೆ ಡಾಕ್ಟರೇ ಬಂದು "ಇವತ್ತು ಆಗಲ್ಲಮ್ಮ, ಮತ್ತೆ ಕರೀತೀವಿ" ಅಂದರು. ಅವರ ಮುಖ ನೋಡಿದರೆ ಜಗಳ ಆಡೋ ಮನಸ್ಸಾಗಲಿಲ್ಲ. ಮನೆಗೆ ಬಂದು ಸ್ನಾನ ಮಾಡಿದರೂ ಆ ಶಾಯಿ ಹೋಗಿಲ್ಲ.

ಮತ್ತೆ ಬಾಗಿಲ ಚೀಟಿ ಕಿತ್ತು ಅಂಗಡಿ ತೆಗೆದೆ. ದೊಡ್ಡ ಬಟ್ಟೆ ಒಪ್ಪಿಕೊಳ್ತಿಲ್ಲ. ಪ್ಯಾಂಟಿನ ಉದ್ದ ಕಮ್ಮಿ ಮಾಡೋದು, ಜಿಪ್ಪು ಹಾಕೋದು, ಅಷ್ಟೇ. ಕಾಜಾ ಮಾಡಬೇಕಾದ ಅಂಗಿಗಳು ಬುಟ್ಟಿಯಲ್ಲಿ ಹಾಗೇ ಇವೆ. ಗಿರಾಕಿಗಳು ಬಂದು ಕೇಳ್ತಾರೆ. ಆಗುತ್ತೆ, ನಾಳೆ ಬನ್ನಿ ಅಂತೀನಿ. ನಾಳೆ ಅನ್ನೋದಕ್ಕೆ ಎಂದೂ ಬರವಿಲ್ಲ.

ಮಲಗಿದರೆ ಭುಜ ಹಿಂಡುತ್ತೆ, ಅದಕ್ಕೆ ಕುರ್ಚಿಯಲ್ಲೇ ಒರಗಿ ನಿದ್ದೆ ಮಾಡ್ತೀನಿ. ನಿನ್ನ ಮಂಚದ ಮೇಲೆ ಬಟ್ಟೆಯ ಥಾನುಗಳನ್ನು ಪೇರಿಸಿಟ್ಟಿದ್ದೀನಿ. ಬೇರೆ ಕಡೆ ಜಾಗ ಇಲ್ಲ ಅಂತೇನಲ್ಲ. ಖಾಲಿ ಕಾಣೋದು ಬೇಡ ಅಂತ.

ನಿನ್ನ ಡ್ರೈವರನ್ನು ಕೇಳಿದೆ ಅಂತ ಹೇಳು. ಅವರು ಒಳ್ಳೆಯವರಲ್ಲ ಅಂತ ನಾನು ಎಂದಾದರೂ ಅಂದಿದ್ದೀನಾ? ಸಮವಸ್ತ್ರದ ಗುಂಡಿ ಕಿತ್ತುಹೋಗಿದೆ ಅಂತ ವಾರಕ್ಕೊಮ್ಮೆ ನಮ್ಮ ಅಂಗಡಿಗೆ ಬರ್ತಿದ್ದ ಮನುಷ್ಯ, ಕೊನೆಗೆ ನಮ್ಮ ಗುಂಡಿಯನ್ನೇ ಕಿತ್ತುಕೊಂಡು ಹೋದರು. ಅಷ್ಟೇ ನನ್ನ ದೂರು.

ಅತ್ತೆಯವರ ಆರೋಗ್ಯ ಜೋಪಾನ.

ನಿನ್ನ ಅಕ್ಕ


ಏಪ್ರಿಲ್ ೧೫

ಅಕ್ಕಾ,

ನಿನ್ನ ಕಾಗದದಲ್ಲಿ ಆಸ್ಪತ್ರೆ ಅಂಗಿ ಇದೆ, ಶಾಯಿ ಇದೆ, ನನ್ನ ಮಂಚ ಇದೆ. ಒಂದೇ ಒಂದು ಅಕ್ಷರ ಮಾತ್ರ ಇಲ್ಲ. ಮೂರು ಸಲ ಓದಿದೆ, ಹಾಳೆ ತಿರುಗಿಸಿ ಹಿಂದೆ ಕೂಡ ನೋಡಿದೆ. "ಬಾ" ಅಂತ ಬರೆಯೋಕೆ ಎಷ್ಟು ಶಾಯಿ ಬೇಕಕ್ಕ?

ನೀನು ಬರೆದಿದ್ದರೆ ನಾನು ಇಲ್ಲಿ ಯಾರ ಮುಂದೆ ಬೇಕಾದರೂ ಆ ಕಾಗದ ಹಿಡಿದು "ನೋಡಿ, ಕರೆದಿದ್ದಾಳೆ" ಅನ್ನಬಹುದಿತ್ತು. ಕರೆಯದೆ ಹೊರಟರೆ, ಈ ಮುದುಕಿಯನ್ನು ಉಪವಾಸ ಕೆಡವಿ ಹೋದೆ ಅಂತ ನನಗೇ ಅನ್ನಿಸುತ್ತೆ.

ನಿನ್ನೆ ಊಟಕ್ಕೆ ಕೂತಾಗ ಇವರಿಗೆ ಎಲ್ಲ ಓದಿ ಹೇಳಿದೆ. ಗುಂಡಿ ಕಿತ್ತುಕೊಂಡು ಹೋದ ಮಾತನ್ನೂ ಓದಿದೆ. ತಲೆ ತಗ್ಗಿಸಿಕೊಂಡು ನಕ್ಕರು. ಕೈ ತೊಳೆದು ಬಂದವರು "ನೀನು ಹೋದರೆ ಅಮ್ಮ ಉಣ್ಣಲ್ಲ. ನಾನು ಹೋದರೆ ಉಣ್ತಾಳೆ. ಆದ್ದರಿಂದ ನಾನು ಹೋಗ್ತೀನಿ" ಅಂದರು. ಲೆಕ್ಕ ಎಷ್ಟು ಸುಲಭ ನೋಡು ಇವರಿಗೆ. ರಜೆಗೆ ಆಗಲೇ ಕೇಳಿದ್ದಾರೆ. ದಿನ ಗೊತ್ತಾದ ಕೂಡಲೇ ಟೀಚರಮ್ಮನ ಕೈಲಿ ತಿಳಿಸು.

ಬೇಡ ಅಂತ ಬರೆಯಬೇಡ. ನಿನ್ನ "ಬೇಡ"ಗಳನ್ನು ಇನ್ನು ನಾನು ಓದೋದಿಲ್ಲ.

ಗುಂಡಿ


ಮೇ ೭

ಇವಳೇ,

ಕ್ಷೇಮ. ಆಪರೇಷನ್ ಆಯಿತು. ಚೆನ್ನಾಗಿ ಆಗಿದೆ ಅಂತ ಡಾಕ್ಟರು ಹೇಳಿದರು. ಫೋನಲ್ಲಿ ಇಷ್ಟು ಹೇಳಿದ್ದೆ, ಉಳಿದದ್ದು ಹೇಳೋಕೆ ಆಗಲಿಲ್ಲ, ಅಕ್ಕಾವ್ರು ಪಕ್ಕದಲ್ಲೇ ಇದ್ದರು. ನನಗೆ ಕಾಗದ ಬರೆದು ಅಭ್ಯಾಸ ಇಲ್ಲ. ತಪ್ಪಿದ್ದರೆ ಸರಿಮಾಡಿಕೊಂಡು ಓದು.

ನಾನು ಬಂದಾಗ ಅಕ್ಕಾವ್ರು ಬಾಗಿಲು ತೆಗೆದು "ಓ, ನೀವಾ" ಅಂದರು. ಆಮೇಲೆ ನನ್ನ ಬೆನ್ನ ಹಿಂದೆ ಬೀದಿ ಕಡೆ ಒಂದು ಸಲ ನೋಡಿದರು. ನಾನೊಬ್ಬನೇ ಅಂತ ಗೊತ್ತಿದ್ದೂ ನೋಡಿದರು. ಆಮೇಲೆ ಒಳಗೆ ಕರೆದು ಚಹಾ ಕೊಟ್ಟರು.

ಆಪರೇಷನ್ ದಿನ ನಾನೂ ಟೀಚರಮ್ಮನೂ ಹೊರಗೆ ಬೆಂಚಿನ ಮೇಲೆ ಕೂತಿದ್ದೆವು. ಬೆಟ್ಟದ ರಸ್ತೆಯಲ್ಲಿ ಬ್ರೇಕ್ ಹಿಡಿಯದ ಬಸ್ಸು ಓಡಿಸಿದ್ದೀನಿ, ಆಗ ಇಷ್ಟು ಬೆವರಿರಲಿಲ್ಲ. ಹೊರಗೆ ತಂದ ಮೇಲೆ ಒಬ್ಬರೇ ಒಳಗೆ ಬನ್ನಿ ಅಂದರು. ಟೀಚರಮ್ಮ ನನ್ನನ್ನೇ ತಳ್ಳಿದರು. ಹೋಗಿ ಪಕ್ಕದಲ್ಲಿ ಕೂತೆ. ಬಲಗೈಯನ್ನು ಜೋಳಿಗೆಯಲ್ಲಿ ಕಟ್ಟಿ ಎದೆಗೆ ಬಿಗಿದಿದ್ದರು. ಅರಿವಳಿಕೆ ಇನ್ನೂ ಪೂರ್ತಿ ಇಳಿದಿರಲಿಲ್ಲ. ಎಡಗೈ ಏನೋ ಹುಡುಕುತ್ತಿತ್ತು. ಹಿಡಕೊಳ್ಳೋಕೆ ಏನಾದರೂ ಬೇಕೇನೋ ಅಂತ ನಾನು ಕೈ ಕೊಟ್ಟೆ. ಗಟ್ಟಿಯಾಗಿ ಹಿಡಕೊಂಡರು.

"ಗುಂಡಿ, ಬಂದ್ಯಾ?" ಅಂದರು.

"ಅಲ್ಲ, ನಾನು" ಅಂತ ಹೇಳಬೇಕಿತ್ತೇನೋ. ಇನ್ನೂ ಹತ್ತಿರ ಸರಿದು ಕೂತೆ.

"ಊಟ ಮಾಡಿದ್ಯಾ? ಏನೂ ತಿಂದಿರಲ್ಲ ನೀನು" ಅಂದರು. ಆಮೇಲೆ, "ಬಂದದ್ದು ಒಳ್ಳೆಯದಾಯಿತು. ಕೂತ್ಕೋ. ನಿನ್ನದಿಲ್ಲದೆ ನನ್ನ ಮಿಷನ್ನು ಒಂದೇ ಓಡಿದರೆ ಸದ್ದು ಚೆನ್ನಾಗಿರಲ್ಲ ಕಣೇ" ಅಂದರು. ಆಮೇಲೆ ನಿದ್ದೆ ಬಂತು. ಕೈ ಬಿಡಲಿಲ್ಲ. ನರ್ಸಮ್ಮ ಎರಡು ಸಲ ಬಂದು ಹೊರಗೆ ಹೋಗಿ ಅಂದಳು, ನನ್ನ ಕೈ ನೋಡಿ ವಾಪಸ್ಸು ಹೋದಳು.

ಪೂರ್ತಿ ಎಚ್ಚರವಾದ ಮೇಲೆ ನನ್ನನ್ನು ನೋಡಿ "ನೀವು ಚಹಾ ಕುಡಿದ್ರಾ?" ಅಂತ ಬಹುವಚನದಲ್ಲಿ ಕೇಳಿದರು. ಅವರಿಗೆ ನೆನಪಿಲ್ಲ ಅಂತ ಕಾಣುತ್ತೆ. ನಾನು ಹೇಳಿಲ್ಲ. ನೀನೂ ಹೇಳಬೇಡ. ನಿನಗೆ ಹೇಳದೆ ಇದ್ದರೆ ನನ್ನ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ, ಅದಕ್ಕೆ ಬರೆದೆ.

ಅಮ್ಮ ಉಂಡಳಾ? ನನ್ನನ್ನು ಕೇಳಿದಳಾ? ಕೇಳಿರಲ್ಲ ಬಿಡು.

ಇವನು


ಮೇ ೨೪

ಪ್ರೀತಿಯ ಗುಂಡಿ,

ಇದು ಎಡಗೈ ಬರಹ. ಕೋಳಿ ಕೆದರಿದ ಹಾಗಿದೆ, ಬೈಯದೆ ಓದು.

ಹೊಲಿಗೆ ಬಿಚ್ಚಿದರು. ಕೈ ಇನ್ನೂ ಜೋಳಿಗೆಯಲ್ಲೇ ಇದೆ, ಅಲ್ಲಾಡಿಸೋ ಹಾಗಿಲ್ಲ. ನನ್ನದೇ ಕೈಯನ್ನು ಮಗು ಹೊತ್ತ ಹಾಗೆ ಹೊತ್ತುಕೊಂಡು ತಿರುಗ್ತಿದ್ದೀನಿ.

ನಿನ್ನ ಡ್ರೈವರು ಅಡುಗೆಗೆ ನಿಂತರೆ ಅಡುಗೆಮನೆ ಬಸ್ ಡಿಪೋ ಆಗುತ್ತೆ, ಎಲ್ಲ ಪಾತ್ರೆಗಳೂ ಹೊರಗೆ. ಆದರೆ ಆಲೂಗಡ್ಡೆ ಚೆನ್ನಾಗಿ ಬೇಯಿಸ್ತಾರೆ. ಸ್ನಾನ, ಬಟ್ಟೆಗೆಲ್ಲ ಟೀಚರಮ್ಮ ಬರ್ತಾರೆ. ಮೊನ್ನೆ ಅವರಿಗೆ ಶಾಲೆಯ ಮೀಟಿಂಗಿಗೆ ಹೊತ್ತಾಗಿತ್ತು, ನನ್ನ ತಲೆ ಹಾಗೇ ಕೆದರಿತ್ತು. ಇವರು ಸ್ವಲ್ಪ ಹೊತ್ತು ಸುತ್ತಮುತ್ತ ಓಡಾಡಿ "ಅಕ್ಕಾವ್ರೇ, ನೀವು ತಪ್ಪು ತಿಳಿಯಲ್ಲ ಅಂದರೆ ನಾನು ಹೆಣೀತೀನಿ" ಅಂದರು. ಬಸ್ಸಿಗೆ ಮೊದಲು ಲಾರಿ ಓಡಿಸ್ತಿದ್ದರಂತಲ್ಲ, ಸರಕಿಗೆ ಹಗ್ಗ ಬಿಗಿದು ಅಭ್ಯಾಸವಂತೆ. ಬಿಗಿದರು ನೋಡು. ಹುಬ್ಬು ಎರಡೂ ಮೇಲಕ್ಕೆ ಹೋದವು, ಸಂಜೆವರೆಗೂ ನಾನು ಆಶ್ಚರ್ಯಪಟ್ಟವಳ ಹಾಗೇ ಕಾಣ್ತಿದ್ದೆ. ಆದರೆ ಒಂದು ಕೂದಲೂ ಬಿಚ್ಚಲಿಲ್ಲ.

ಇನ್ನೊಂದು ವಿಷಯ. ಇನ್ನು ಮೇಲೆ ನಿಂತು ಕತ್ತರಿಸೋದು ಕಷ್ಟ, ಬಗ್ಗಿ ಕೈ ಚಾಚಿದಷ್ಟೂ ಭುಜಕ್ಕೆ ಭಾರ ಅಂತ ಡಾಕ್ಟರು ಅಂದಿದ್ದರು. ಇವರು ಕೇಳಿಸಿಕೊಂಡು ಮನೆಗೆ ಬಂದು ನನ್ನ ಕತ್ತರಿಸೋ ಮೇಜನ್ನು ಸುತ್ತು ಹಾಕಿದರು. "ಕಾಲು ಕೊಯ್ದರೆ ಕೂತೇ ಕೆಲಸ ಮಾಡಬಹುದು" ಅಂದರು. ಆ ಮೇಜಿನ ಮುಂದೆ ನಾನು ನಿಂತೇ ಮುದುಕಿಯಾದವಳು. ಎರಡು ದಿನ ಬಿಟ್ಟು ನಾನೇ ಗರಗಸ ಎಲ್ಲಿದೆ ಅಂತ ತೋರಿಸಿದೆ. ಕೊಯ್ಯುವಾಗ ಹೊರಗೆ ಹೋಗಿ ನಿಂತಿದ್ದೆ. ಈಗ ಮೇಜು ಕುಳ್ಳಗಾಗಿದೆ. ನೋಡೋಕೆ ವಿಚಿತ್ರ, ಆದರೆ ಕೂತು ನೋಡಿದೆ, ಸರಿ ಹೋಗುತ್ತೆ.

ನಾಳೆ ಇವರು ಹೊರಡ್ತಾರೆ. ನಾನು ಚೆನ್ನಾಗಿದ್ದೀನಿ. ನೀನು ಬರೋದೇನೂ ಬೇಡ.

ನಿನ್ನ ಅಕ್ಕ


ಜೂನ್ ೧೦

ಅಕ್ಕಾ,

ಇವರು ಬಂದು ಮುಟ್ಟಿದರು. ಬಂದವರು ನಿನ್ನ ಮನೆಯ ಸುದ್ದಿ ಬಿಟ್ಟು ಬೇರೆ ಮಾತಾಡ್ತಿಲ್ಲ. ಅಕ್ಕಾವ್ರು ಹೀಗಂದರು, ಅಕ್ಕಾವ್ರು ಹಾಗಂದರು. ನನಗೆ ಹೊಟ್ಟೆಕಿಚ್ಚಾಗುತ್ತೆ. ಮೂರು ವಾರ ನಿನ್ನ ಕೈಯ ಚಹಾ, ಅದೂ ಎಡಗೈಯ ಚಹಾ, ಕುಡಿದು ಬಂದಿದ್ದಾರೆ.

ಭಾನುವಾರ ಅತ್ತೆಗೆ ಉಣಿಸ್ತಿದ್ದೆ. ನನ್ನ ಮುಖವನ್ನೇ ನೋಡ್ತಾ ಇದ್ದವರು ಇದ್ದಕ್ಕಿದ್ದ ಹಾಗೆ "ನಿನಗೆ ಯಾರೂ ಇಲ್ವೇನಮ್ಮ?" ಅಂತ ಕೇಳಿದರು.

"ಅಕ್ಕ ಇದ್ದಾಳೆ" ಅಂದೆ.

"ಎಲ್ಲಿ?"

"ದೂರ."

"ಮತ್ತೆ ನೀನು ಇಲ್ಲಿ ಯಾಕೆ ಕೂತಿದ್ದೀಯ?"

ತುತ್ತು ಹಿಡಿದ ಕೈ ಹಾಗೇ ನಿಂತಿತು. ಇವರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡವರು ಬಂದು ನನ್ನ ಕೈಯಿಂದ ತಟ್ಟೆ ತಗೊಂಡರು. ಅತ್ತೆ ಬಾಯಿ ಬಿಗಿಹಿಡಿದರು. ಇವರು ಬೇಜಾರು ಮಾಡಿಕೊಳ್ಳಲಿಲ್ಲ, ಬಸ್ಸಿನಲ್ಲಿ ಕೂಗೋ ಹಾಗೆ ಒಂದೊಂದೇ ನಿಲ್ದಾಣದ ಹೆಸರು ಹೇಳ್ತಾ ಹೋದರು. ಅತ್ತೆಯ ತವರಿನ ನಿಲ್ದಾಣ ಬಂದಾಗ ಅವರ ಬಾಯಿ ತೆರೀತು. ಒಂದು ತುತ್ತು ಒಳಗೆ ಹೋಯಿತು. ಈಗ ದಿನವೂ ಆ ದಾರಿಯಲ್ಲೇ ಊಟ. ಕೆಲವು ದಿನ ಪೂರ್ತಿ ಉಣ್ತಾರೆ, ಕೆಲವು ದಿನ ಅರ್ಧ.

ಅಕ್ಕಾ, ನಾನು ಬರ್ತಿದ್ದೀನಿ. ನೀನು ಕರೆದಿಲ್ಲ, ಗೊತ್ತು. ಯಾಕೆ ಅಂತ ಕೇಳಬೇಡ, ಕೇಳಿದರೆ ನಾನು ಹೇಳೋ ಹಾಗಿಲ್ಲ. ಇವರಿಗೆ ಇನ್ನಷ್ಟು ರಜೆ ಸಿಕ್ಕ ಕೂಡಲೇ ಹೊರಡ್ತೀನಿ. ಮಂಚದ ಮೇಲಿನ ಥಾನು ತೆಗೆದಿಡು. ತೆಗೆಯೋಕೆ ಆಗದಿದ್ದರೆ ಬಿಡು, ನಾನೇ ಬಂದು ತೆಗೀತೀನಿ.

ನಿನ್ನ
ಗುಂಡಿ


ಆಗಸ್ಟ್ ೨

ಪ್ರೀತಿಯ ಗುಂಡಿ,

ನೋಡು, ಬಲಗೈಯಲ್ಲಿ ಬರೀತಿದ್ದೀನಿ. ಅಕ್ಷರ ಸ್ವಲ್ಪ ನಡುಗಿದರೂ ನನ್ನವೇ ಅಂತ ಗುರುತು ಹತ್ತುತ್ತೆ.

ನೀನು ಹೋದ ಮೇಲೆ ಬರೆಯಬೇಕು ಅಂತ ಕೂತು ಎದ್ದು ಕೂತು ಎದ್ದು ಇವತ್ತಾಯಿತು. ಅಂಗಡಿಯಲ್ಲಿ ಕೆಲಸ ಇದೆ. ನೀನು ಕಾಜಾ ಮಾಡಿಟ್ಟ ಅಂಗಿಗಳೆಲ್ಲ ಹೊರಟುಹೋದವು. ಬುಟ್ಟಿಯ ತಳ ಕಂಡು ಎಷ್ಟು ಕಾಲವಾಗಿತ್ತು. ಗುಮಾಸ್ತರು ಕಾಜಾ ನೋಡಿದ ಕೂಡಲೇ "ತಂಗಿ ಬಂದಿದ್ದಾರಾ?" ಅಂತ ಕೇಳಿದರು. ಬಂದಿದ್ದಳು, ಹೋದಳು ಅಂದೆ.

ವ್ಯಾಯಾಮ ಬಿಟ್ಟಿಲ್ಲ. ಗೋಡೆಗೆ ಎದುರು ನಿಂತು ಬೆರಳುಗಳನ್ನು ಹುಳದ ಹಾಗೆ ಮೇಲಕ್ಕೆ ಹತ್ತಿಸ್ತೀನಿ. ನೀನಿದ್ದಾಗ ಪಕ್ಕದಲ್ಲಿ ನಿಂತು "ಇನ್ನೊಂಚೂರು, ಇನ್ನೊಂಚೂರು" ಅಂತ ಗದರ್ತಿದ್ದೆಯಲ್ಲ, ಈಗ ನನಗೆ ನಾನೇ ಗದರಿಕೊಳ್ಳಬೇಕು. ಅಷ್ಟು ಖಾರವಾಗಿ ಬರಲ್ಲ. ಪೂರ್ತಿ ಮೊದಲಿನ ಹಾಗೆ ಮೇಲೆ ಹೋಗಲಿಕ್ಕಿಲ್ಲ ಅಂತ ಮೊನ್ನೆ ಡಾಕ್ಟರು ಹೇಳಿದರು. ಬೇಜಾರಾಗಲಿಲ್ಲ. ಮೇಜು ಕುಳ್ಳಗಿದೆ, ಕೈಯೂ ಕುಳ್ಳಗಿರಲಿ. ಕೋಟಿಗೆ ಕತ್ತರಿ ಹಾಕಿದೆ, ಕೂತೇ.

ನಮ್ಮ ಜೊತೆ ಬಂದು ಇರು ಅಂತ ನೀನು ಅಂದಾಗ ನಾನು ಸಿಡುಕಿದೆ. ನೀನು ಪಾತ್ರೆ ಕುಕ್ಕಿದೆ. ಎರಡು ದಿನ ಇಬ್ಬರೂ ಟೀಚರಮ್ಮನ ಬೆಕ್ಕಿನ ಜೊತೆ ಮಾತಾಡಿಕೊಂಡು ಓಡಾಡಿದೆವು. ಗುಂಡಿ, ನನಗೆ ಅಲ್ಲಿ ಏನು ಕೆಲಸ? ಹೊದಿಕೆಯ ಅಂಚೆಲ್ಲ ನೀನು ಆಗಲೇ ಹೊಲಿದಿಟ್ಟಿದ್ದೀಯ. ಇಲ್ಲೇ ಇರು ಅಂತ ನಾನು ಹೇಳೋಕಾಗುತ್ತಾ? ಅಲ್ಲಿ ನಿಮ್ಮ ಅತ್ತೆ ಇದ್ದಾರೆ, ನಮ್ಮ ಡ್ರೈವರಿದ್ದಾರೆ. ಅದಕ್ಕೇ ಸಿಡುಕಿದ್ದು. ಬೇರೆ ಏನು ಮಾಡೋದು ಅಂತ ತೋಚಲಿಲ್ಲ. ಚಳಿಗಾಲದ ಕೋಟುಗಳ ಕೆಲಸ ಮುಗಿಸಿ ನಾನೇ ಬಂದು ಒಂದಷ್ಟು ದಿನ ಇರ್ತೀನಿ, ಇದು ಮಾತು.

ಒಂದು ದಿನ ನನ್ನ ತಲೆ ಬಾಚ್ತಾ ಕೇಳಿದೆಯಲ್ಲ, "ಆಪರೇಷನ್ ದಿನದ್ದು ಏನಾದರೂ ನೆನಪಿದೆಯಾ ಅಕ್ಕಾ?" ಅಂತ. ಇಲ್ಲ ಅಂದೆ. "ಸರಿ ಬಿಡು" ಅಂದೆ ನೀನು. ಆಮೇಲೆ ಬಹಳ ಹೊತ್ತು ಬಾಚಿದೆ, ಸಿಕ್ಕೆಲ್ಲ ಯಾವಾಗಲೋ ಬಿಟ್ಟಿದ್ದರೂ. ನಾನೂ ಸಾಕು ಅನ್ನಲಿಲ್ಲ.

ಈಗ ನಿಲ್ದಾಣದ ಮಾತು ಹೇಳ್ತೀನಿ. ನಿನಗೆ ಗೊತ್ತಿರೋದು ಅರ್ಧ ಮಾತ್ರ. ರೈಲು ತಡವಾಗಿ, ನಾವು ಹೇಳಬೇಕಾದ್ದೆಲ್ಲ ಹೇಳಿ ಮುಗಿಸಿ, ಇಬ್ಬರು ಅಪರಿಚಿತರ ಹಾಗೆ ಬೆಂಚಿನ ಮೇಲೆ ಕೂತು ಎದುರಿನ ಗಡಿಯಾರ ನೋಡಿದೆವು. ಬಂದ ಮೇಲೋ, ಒಂದೇ ಗಡಿಬಿಡಿ. ನೀನು ಹತ್ತಿದೆ, ಯಾರದೋ ಪೆಟ್ಟಿಗೆ ಅಡ್ಡ ಬಂತು, ಕಿಟಕಿಯಲ್ಲಿ ನಿನ್ನ ಮುಖ ಬರೋ ಹೊತ್ತಿಗೆ ರೈಲು ಹೊರಟೇ ಬಿಟ್ಟಿತು. ನಾನು ಕೈ ಎತ್ತಿದೆ. ಎಡಗೈಯಲ್ಲಿ ನಿನ್ನ ಕೊಡೆ ಇತ್ತು, ನೀನು ಮರೆತು ಹೋದದ್ದು. ಅದಕ್ಕೆ ಬಲಗೈಯನ್ನೇ ಎತ್ತಿದೆ. ಅದು ಕಿವಿ ಮಟ್ಟಕ್ಕೆ ಹೋಗಿ ನಿಂತಿತು. ಅದರ ಮೇಲೆ ಹೋಗಲ್ಲ. ಬೆರಳು ಮಾತ್ರ ಆಡಿಸಿದೆ. ನಿನಗೆ ಕಾಣಿಸಿತೋ ಇಲ್ಲವೋ.

ಕೊನೆಯ ಡಬ್ಬಿಯೂ ತಿರುವು ದಾಟಿತು. ನಾನು ಹಾಗೇ ನಿಂತಿದ್ದೆ. ಸಾಮಾನು ಹೊರುವವನೊಬ್ಬ ಗಾಡಿ ತಳ್ಳಿಕೊಂಡು ಬರ್ತಿದ್ದವನು ನಿಂತು, ನನ್ನನ್ನೂ ಖಾಲಿ ಹಳಿಯನ್ನೂ ನೋಡಿದ.

"ಯಾರನ್ನು ಕರೀತಿದ್ದೀರಮ್ಮಾ? ರೈಲು ಹೋಯಿತು" ಅಂದ.

ಆಗ ನನ್ನ ಕೈ ನೋಡಿಕೊಂಡೆ. ಮೊಣಕೈ ಮಡಿಚಿ, ಅಂಗೈ ನನ್ನ ಕಡೆಗೇ ತಿರುಗಿ, ಬೆರಳುಗಳು ಇನ್ನೂ ಆಡ್ತಾ ಇದ್ದವು. ಹೋಗಿಬಾ ಅನ್ನೋ ಕೈ ಹಾಗಿರಲ್ಲ.

"ತಂಗಿಯನ್ನು" ಅಂದೆ.

ಅವನು ತಲೆಯಾಡಿಸಿ ಗಾಡಿ ತಳ್ಳಿಕೊಂಡು ಹೋದ. ನಾನು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇದ್ದೆ.

ನಿನ್ನ
ಅಕ್ಕ